ಕ್ಷೌರದಂಗಡಿಯ ಮೇಲೆ ಬಿದ್ದ ಶತ್ರು

ಬೆಳಿಗ್ಗೆ ಟವೆಲ್ಲು ಒಣಹಾಕಲು ಮಾಳಿಗೆ ಹತ್ತಿದ ಕ್ಷೌರಿಕ ಅಲಾಯ್‌ಗೆ, ಹಗ್ಗದ ಮೇಲಿದ್ದ ನಿನ್ನೆಯ ಟವೆಲ್ಲುಗಳಲ್ಲಿ ಒಂದು ಡ್ರೋನು ಸಿಕ್ಕಿಕೊಂಡಿರುವುದು ಕಾಣಿಸಿತು. ಅದರ ಮೂರು ರೆಕ್ಕೆ ಬಟ್ಟೆಯಲ್ಲಿ ಸುತ್ತಿಹೋಗಿದ್ದವು. ನಾಲ್ಕನೆಯದು ಬಲೆಗೆ ಬಿದ್ದ ಏಡಿಯ ಕಾಲಿನ ಹಾಗೆ ಆಗಾಗ ಅಲುಗುತ್ತಿತ್ತು. ಹೊಟ್ಟೆಯ ಮೇಲೆ ಗುಲಾಬಿ ಬಣ್ಣದ ಮೊಲದ ಚಿತ್ರ ಅಂಟಿತ್ತು.

ಅಲಾಯ್ ಅದನ್ನು ನೋಡಿದ ಕೂಡಲೇ ಗುರುತು ಹಿಡಿದ. ತೈವಾನಿನ ಮುಖ್ಯ ದ್ವೀಪದಿಂದ ಬಂದಿದ್ದ ಹೊಸ ದಂಪತಿ ಹಿಂದಿನ ಸಂಜೆ ಸಮುದ್ರದ ದಂಡೆಯಲ್ಲಿ, ಶತ್ರುವಿನ ದೋಣಿ ತಡೆಯಲೆಂದು ಹಿಂದೆ ನೆಟ್ಟಿದ್ದ ತುಕ್ಕುಹಿಡಿದ ಚೂಪು ಕಬ್ಬಿಣದ ಸಲಾಕೆಗಳ ಮಧ್ಯೆ ನಿಂತು, ಇದನ್ನೇ ಮೇಲೆ ಹಾರಿಸಿ ತಮ್ಮ ಫೋಟೋ ತೆಗೆದುಕೊಳ್ಳುತ್ತಿದ್ದರು. ಪಾಪ, ಹುಡುಕುತ್ತಿರಬೇಕು, ಬಿಡಿಸಿ ಕೊಟ್ಟರಾಯಿತು ಅಂದುಕೊಂಡ. ಹಾಗೆ ಮಾಡಿಬಿಟ್ಟಿದ್ದರೆ ಆ ದಿನವೂ ಎಲ್ಲ ದಿನಗಳ ಹಾಗೆ ಗಿರಾಕಿಗೆ ಕಾಯುತ್ತ ಕಳೆದುಹೋಗುತ್ತಿತ್ತು.

ಆದರೆ ಪಕ್ಕದ ಮಾಳಿಗೆಯಲ್ಲಿ ಸುಹ್ವಾ ಶಾವಿಗೆ ಒಣಹಾಕುತ್ತಿದ್ದಳು. ಸುಹ್ವಾಳ ಕಣ್ಣಿಗೆ ಬಿದ್ದದ್ದು ಅವಳ ಬಾಯಿಗೂ ಬೀಳುತ್ತಿತ್ತು, ಬಾಯಿಗೆ ಬಿದ್ದದ್ದು ಊರಿಗೆಲ್ಲ ಬೀಳುತ್ತಿತ್ತು.

"ಅಣ್ಣಾ, ಅದು ಆಚೆ ದಡದ್ದು, ಶತ್ರುಗಳದ್ದು ಅಲ್ವಾ?" ಅಂದಳು ಮೆಲ್ಲಗೆ.

ಅಲ್ಲ ಅನ್ನಲು ಅಲಾಯ್ ಬಾಯಿ ತೆರೆಯುವಷ್ಟರಲ್ಲಿ ಅವಳು ಏಣಿ ಇಳಿದಾಗಿತ್ತು. ಅವನು ಟವೆಲ್ಲಿನ ಗಂಟು ಬಿಡಿಸುವಷ್ಟರಲ್ಲಿ ಊರ ಮುಖಂಡ ವೆಂಗ್ ಏದುಸಿರು ಬಿಡುತ್ತ ಮಾಳಿಗೆಗೆ ಬಂದ. ಬಂದವನು ಡ್ರೋನನ್ನು ನೋಡಿದ, ಮೊಲವನ್ನು ನೋಡಿದ, ಆಮೇಲೆ ಊರ ಹಿಂದಿನ ಗುಡ್ಡದ ಮೇಲಿದ್ದ ಸೈನ್ಯದ ಕ್ಯಾಂಪನ್ನು ನೋಡಿದ. ಉಗುರಿನಿಂದ ಮೊಲವನ್ನು ಕಿತ್ತು ಕಿಸೆಗೆ ಹಾಕಿಕೊಂಡ.

"ಅಲಾಯ್, ಬಾಯಿ ಮುಚ್ಕೊಂಡಿರು. ಇದು ದೇವರೇ ಕಳಿಸಿದ್ದು."

ಆ ಕ್ಯಾಂಪಿನದೇ ಊರಿಗೆ ಹತ್ತಿದ್ದ ಚಿಂತೆ. ತೈವಾನಿಗೆ ಸೇರಿದ್ದರೂ ಶತ್ರುವಿನ ದಡಕ್ಕೇ ಹತ್ತಿರವಿದ್ದ ಕಿನ್ಮೆನ್ ದ್ವೀಪದ ಈ ಮೂಲೆಯಲ್ಲಿ ಉಳಿದಿದ್ದ ಸೈನಿಕರ ಕೊನೆಯ ಸಣ್ಣ ತುಕಡಿಯನ್ನು ತಿಂಗಳ ಕೊನೆಗೆ ತೆಗೆಯುತ್ತಾರೆಂದು ಸುದ್ದಿ ಬಂದಿತ್ತು. ಸುಹ್ವಾಳ ಕಡಲ ಸಿಂಪಿ ಹಾಕಿದ ಶಾವಿಗೆ ತಿನ್ನುವವರು ಆ ತುಕಡಿಯ ಹುಡುಗರು. ವೆಂಗ್‌ನ ಬಿಲಿಯರ್ಡ್ಸ್ ಕೋಣೆಯಲ್ಲಿ ಕೋಲು ಹಿಡಿಯುವವರೂ ಅವರೇ. ಅಲಾಯ್‌ನ ಕುರ್ಚಿಯಲ್ಲಿ ಕೂರುವವರು ಬೇರೆ ಯಾರೂ ಇರಲೇ ಇಲ್ಲ. ಊರಿನ ಪಡ್ಡೆಗಳು ಕೂದಲಿಗೆ ಬಣ್ಣ ಹಾಕಿಸಲು ಪೇಟೆಗೆ ಹೋಗುತ್ತಿದ್ದರು, ಮುದುಕರ ಕೂದಲು ಬೆಳೆಯುವುದನ್ನೇ ಮರೆತಿತ್ತು.

ಅಲಾಯ್ ಮದುವೆಯಾದ ಹೊಸತರಲ್ಲಿ ದ್ವೀಪದಲ್ಲಿ ಊರವರಿಗಿಂತ ಸೈನಿಕರೇ ಹೆಚ್ಚಿದ್ದರು. ಅಂಗಡಿಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಮೂರರ ಹಿಂದೆ ಹೆಂಗಸರು, ಉಳಿದ ಒಂದರ ಹಿಂದೆ ಅಲಾಯ್. ಸಾಲು ಬಾಗಿಲು ದಾಟಿ, ಬಾವಿ ದಾಟಿ, ರಸ್ತೆಗೆ ಹೋಗುತ್ತಿತ್ತು. ಸಾಲೆಲ್ಲ ಅವನ ಹೆಂಡತಿ ಬೀಯುನ್‌ಳ ಕೊನೆಯ ಕುರ್ಚಿಗೆ. ನಿನ್ನೆ ಕತ್ತರಿಸಿಕೊಂಡು ಹೋದವನು ಇವತ್ತು ಮತ್ತೆ ಬಂದು, ಕಿವಿಯ ಹಿಂದೆ ಒಂದೆರಡು ಉಳಿದಿವೆ ಅಂತ ನಿಲ್ಲುತ್ತಿದ್ದ. ಅಲಾಯ್‌ನ ಕುರ್ಚಿಗೆ ಬರುತ್ತಿದ್ದವರು ಶಿಕ್ಷೆಗೆ ಒಳಗಾದವರೋ, ತೀರ ಅವಸರದಲ್ಲಿದ್ದವರೋ. ಹೊಟ್ಟೆಕಿಚ್ಚಿನಿಂದ ಅವನು ಅವರ ತಲೆಗಳನ್ನು ಕೊಂಚ ಹೆಚ್ಚೇ ಬೋಳಿಸುತ್ತಿದ್ದ.

ಸಂಜೆಯಾದರೆ ಆಚೆ ದಡದ ಧ್ವನಿವರ್ಧಕ ಶುರುವಾಗುತ್ತಿತ್ತು. ಸೋದರರೇ, ಆಯುಧ ಬಿಟ್ಟು ಈಜಿ ಬನ್ನಿ, ಬಿಸಿ ಊಟ ಕಾದಿದೆ ಅಂತ ಒಬ್ಬ ಹೆಂಗಸು ಸಕ್ಕರೆಯಂಥ ದನಿಯಲ್ಲಿ ಕರೆಯುತ್ತಿದ್ದಳು. ಆಮೇಲೆ ಹಾಡು. ನಾಲ್ಕು ಕತ್ತರಿಗಳೂ ಶತ್ರುವಿನ ಹಾಡಿನ ತಾಳಕ್ಕೇ ಕಚಕಚ ಅನ್ನುತ್ತಿದ್ದವು. ತೇಲುವ ಚೆಂಡು ಹಿಡಿದುಕೊಂಡು ಯಾರಾದರೂ ಆಚೆಗೆ ಈಜಿಬಿಟ್ಟಾರೆಂದು, ಬಾಸ್ಕೆಟ್‌ಬಾಲ್ ಇಟ್ಟುಕೊಳ್ಳಲೂ ಪೊಲೀಸರ ಬಳಿ ಹೆಸರು ಬರೆಸಬೇಕಾಗಿದ್ದ ಕಾಲ ಅದು. ಕತ್ತಲಾದರೆ ಬೆಳಕು ಆಚೆಯವರಿಗೆ ಕಾಣದಿರಲೆಂದು ದೀಪಕ್ಕೆ ಕಪ್ಪು ಬಟ್ಟೆ. ಆ ಮಬ್ಬಿನಲ್ಲಿ ಎಷ್ಟು ಕಿವಿಗಳು ಪಾರಾದವೋ ದೇವರಿಗೇ ಗೊತ್ತು. ಹೆದರಿಕೆ ಇತ್ತು, ಇರಲಿಲ್ಲವೆಂದಲ್ಲ. ಆದರೂ ಖಾಲಿ ಕುರ್ಚಿ ಒರೆಸುವಾಗ ಅಲಾಯ್‌ಗೆ ನೆನಪಾಗುತ್ತಿದ್ದದ್ದು ಆ ಹೆದರಿಕೆಯಲ್ಲ, ಆ ಗಲಾಟೆ.

ಈಗ ಆಚೆ ದಡಕ್ಕೆ ಹಡಗಿನಲ್ಲಿ ಹೋಗಿ ಚಹಾ ಕುಡಿದು ಮಧ್ಯಾಹ್ನದೊಳಗೆ ವಾಪಸು ಬರಬಹುದು. ಟೀವಿಯಲ್ಲಿ ಮಾತ್ರ ದಿನವೂ ಯುದ್ಧದ ಮಾತು. ಆಚೆಯವರು ಹೊಸ ಯುದ್ಧನೌಕೆ ಇಳಿಸಿದರಂತೆ, ಈಚೆಯವರು ಜಲಾಂತರ್ಗಾಮಿ ಕಟ್ಟಿದರಂತೆ, ಜಪಾನಿನವರು ದೂರದ ಕ್ಷಿಪಣಿ ತರಿಸಿದರಂತೆ. ದೊಡ್ಡವರ ಜಗಳ ದೊಡ್ಡದಾದಷ್ಟೂ ಕಿನ್ಮೆನ್‌ನ ಸೈನಿಕರು ಯಾಕೆ ಕಮ್ಮಿಯಾಗುತ್ತಾರೆಂಬುದು ಅಲಾಯ್‌ಗೆ ಎಂದೂ ಅರ್ಥವಾಗಿರಲಿಲ್ಲ.

ವೆಂಗ್‌ನ ಲೆಕ್ಕಾಚಾರ ಸರಳವಾಗಿತ್ತು. ಶತ್ರುವಿನ ಡ್ರೋನು ನಮ್ಮೂರ ಮಾಳಿಗೆಯ ಮೇಲೇ ಇಳಿದಿದೆ ಅಂದರೆ, ಇಲ್ಲಿನ ಸೈನಿಕರನ್ನು ತೆಗೆಯುವ ಧೈರ್ಯ ಯಾರಿಗಿದೆ? ಅಲಾಯ್ ಸುಳ್ಳು ಹೇಳಬೇಕಾಗಿಯೇ ಇಲ್ಲ, ನಿಜ ಹೇಳದಿದ್ದರೆ ಸಾಕು ಅಂತ ಅವನು ತಿಳಿಹೇಳಿದ. ಬೀಯುನ್ ಮಾತ್ರ, ರೀ, ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಕಿವಿ ಕೆಂಪಾಗುತ್ತೆ ಅಂದಳು. ಅಲಾಯ್ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡ.

ಹೊತ್ತೇರುವಷ್ಟರಲ್ಲಿ ಟೀವಿಯವರು ಬಂದರು. ಕ್ಯಾಮೆರಾದ ಮುಂದೆ ನಿಂತ ಅಲಾಯ್‌ಗೆ ಏನಾಯಿತೋ, ನಾಲಿಗೆ ತಾನೇ ತಾನಾಗಿ ಓಡತೊಡಗಿತು. ಡ್ರೋನು ಆಚೆ ದಡದಿಂದಲೇ ಬಂತು ಅಂದ. ಕೆಂಪು ದೀಪ ಮಿನುಗುತ್ತಿತ್ತು ಅಂದ. ತನ್ನನ್ನು ನೋಡಿ ಒಂದು ಗಳಿಗೆ ನಿಂತಿತು, ಆಗ ಒದ್ದೆ ಟವೆಲ್ಲು ಬೀಸಿ ಹೊಡೆದು ಬೀಳಿಸಿದೆ ಅಂದ. ಹಾಗಾದರೆ ಒಮ್ಮೆ ಬೀಸಿ ತೋರಿಸಿ ಅಂದರು ಅವರು. ಅಲಾಯ್ ಬೀಸಿದ. ಟವೆಲ್ಲು ಸುಹ್ವಾಳ ಶಾವಿಗೆಯ ಬುಟ್ಟಿಯನ್ನು ಬೀಳಿಸಿತು. ದೇಶಕ್ಕಾಗಿ ಅಂತ ಅವಳು ನಗುನಗುತ್ತ ಸಹಿಸಿದಳು.

ಟೀವಿಯವರು ಹೋದ ಬೆನ್ನಿಗೇ ಅಂಗಡಿಯ ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಮುಖದ ತುಂಬ ಎರಡು ದಿನದ ಗಡ್ಡ, ಕಣ್ಣಲ್ಲಿ ನಿದ್ದೆಯಿಲ್ಲ. ದಂಡೆಯಲ್ಲಿ ಕಂಡಿದ್ದ ಮದುಮಗ. ನನ್ನದೊಂದು ಡ್ರೋನು ಈ ಕಡೆ ಬಿದ್ದಿರಬೇಕು, ಅದರಲ್ಲಿ ನಮ್ಮ ಮದುವೆ ಫೋಟೋಗಳಿವೆ, ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಅಂತ ಶುರುಮಾಡಿದ. ಅದೇ ಹೊತ್ತಿಗೆ ರಸ್ತೆಯಲ್ಲಿ ಜೀಪು ನಿಂತ ಸದ್ದಾಯಿತು. ಕ್ಯಾಂಪಿನ ಲೆಫ್ಟಿನೆಂಟ್ ಗಾವ್ ತನಿಖೆಗೆ ಬಂದಿದ್ದ.

ಅಲಾಯ್ ಯೋಚಿಸಲಿಲ್ಲ. ಮದುಮಗನ ಹೆಗಲು ಹಿಡಿದು ಕುರ್ಚಿಗೆ ಒತ್ತಿದ, ಕುರ್ಚಿ ಹಿಂದಕ್ಕೆ ವಾಲಿಸಿದ, ಮೂಗಿನವರೆಗೆ ನೊರೆ ಬಳಿದ, ಕಣ್ಣಿನ ಮೇಲೆ ಬಿಸಿ ಟವೆಲ್ಲು ಹೊದಿಸಿದ.

ಲೆಫ್ಟಿನೆಂಟ್ ಒಳಬಂದು ಪ್ರಶ್ನೆ ಕೇಳತೊಡಗಿದ. ಅಲಾಯ್ ಕ್ಷೌರ ಮಾಡುತ್ತಲೇ ಉತ್ತರ ಕೊಟ್ಟ. ಅವನ ಕೈಯಲ್ಲಿದ್ದ ಕತ್ತಿ ಹಿಂದೆ ಆಚೆ ದಡದವರು ಹಾರಿಸಿದ ಫಿರಂಗಿ ಶೆಲ್ಲಿನ ಉಕ್ಕಿನಿಂದ ಮಾಡಿದ್ದು. ಅದು ಮದುಮಗನ ಗಂಟಲಿನ ಮೇಲೆ ನಿಧಾನವಾಗಿ ಓಡಾಡುತ್ತಿತ್ತು.

"ನಿನ್ನೆ ಸಂಜೆ ದಂಡೆಯಲ್ಲಿ ಯಾರಾದ್ರೂ ಪ್ರವಾಸಿಗಳು ಡ್ರೋನ್ ಹಾರಿಸ್ತಾ ಇದ್ರಾ?" ಅಂತ ಕೇಳಿದ ಗಾವ್.

ನೊರೆಯೊಳಗಿನಿಂದ ಒಂದು ಗುಳುಗುಳು ಸದ್ದು ಹೊರಟಿತು.

"ಅಲುಗಾಡಬೇಡಿ ಸ್ವಾಮಿ, ಗಂಟಲು ಸೂಕ್ಷ್ಮ," ಅಂದ ಅಲಾಯ್. ಲೆಫ್ಟಿನೆಂಟನ ಕಡೆ ತಿರುಗಿ, ಯಾರೂ ಇರಲಿಲ್ಲ ಅಂದ. ಟೊಪ್ಪಿಗೆಯೊಳಗೆ ಕಿವಿಗಳು ಕಾದ ಬಾಣಲೆಯಾಗಿದ್ದವು.

ಯಾಕೆ ಕೇಳಿದೆ ಅಂದ್ರೆ, ಮುಂದುವರಿಸಿದ ಗಾವ್, ಇಲ್ಲಿ ಹಾಗೆಲ್ಲ ಹಾರಿಸುವುದು ಅಪರಾಧ, ಸಿಕ್ಕಿಬಿದ್ದರೆ ಭಾರಿ ದಂಡ, ಬೇಹುಗಾರಿಕೆ ಅಂತಾದರೆ ಸೆರೆಮನೆ.

ಕುರ್ಚಿಯಲ್ಲಿದ್ದ ದೇಹ ಒಣಮೀನಿನಂತೆ ಸೆಟೆಯಿತು. ಆಮೇಲೆ ಅದರಿಂದ ಒಂದು ಸದ್ದೂ ಬರಲಿಲ್ಲ. ಲೆಫ್ಟಿನೆಂಟ್ ಡ್ರೋನನ್ನು ಹೊತ್ತುಕೊಂಡು ಹೋದ ಮೇಲೆ ಮದುಮಗ ಎದ್ದು, ನನ್ನದೇನೂ ಕಳೆದಿಲ್ಲ, ನಾನು ಕ್ಷೌರಕ್ಕೇ ಬಂದಿದ್ದು ಅಂತ ಎರಡು ಸಲ ಹೇಳಿ, ಅರ್ಧ ಮುಖದ ಗಡ್ಡ ಹಾಗೇ ಉಳಿಸಿಕೊಂಡು ಓಡಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೀಯುನ್‌ಗೆ ಅವನ ಮೇಲೆ ಕನಿಕರ ಬಂತು. ಫೋಟೋ ಇಲ್ಲದಿದ್ದರೂ ಮದುವೆ ಆಗಿರುತ್ತದೆ ಅಂತ ಅವನ ಹೆಂಡತಿಗೆ ಹೇಳಿ ಕಳಿಸಬೇಕು ಅಂದಳು.

ಮಧ್ಯಾಹ್ನ ಕರ್ನಲ್ ಫಾನ್ ಎಂಬವರು ಮುಖ್ಯ ಕಚೇರಿಯಿಂದ ತಾವೇ ಬಂದರು. ನರೆತ ಕೂದಲು, ದೊಡ್ಡ ಹೊಟ್ಟೆ. ಮಾಳಿಗೆ ನೋಡಿ ಇಳಿದವರು ಅಂಗಡಿಯೊಳಗೆ ಬಂದು ನಿಂತುಬಿಟ್ಟರು. ಸೋಪು ಮತ್ತು ಬಿಸಿ ಟವೆಲ್ಲಿನ ವಾಸನೆಯನ್ನು ಉಸಿರೆಳೆದುಕೊಂಡು, ಇಲ್ಲಿ ನಾಲ್ಕು ಕುರ್ಚಿ ಇತ್ತಲ್ಲ ಅಂದರು. ಹದಿಹರೆಯದ ಸಿಪಾಯಿಯಾಗಿ ಅವರು ಮೊದಲು ಬಂದದ್ದು ಈ ಗುಡ್ಡಕ್ಕೇ. ತಮ್ಮ ಊರಿನ ನೆನಪಾಗಿ ಅಳು ಬಂದಾಗಲೆಲ್ಲ ಈ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದರಂತೆ.

ಅಲಾಯ್ ತನ್ನ ಕುರ್ಚಿ ಒರೆಸಿ, ಕೂತ್ಕೊಳ್ಳಿ ಸಾಹೇಬ್ರೇ ಅಂದ.

"ನೀವಲ್ಲ," ಅಂದರು ಕರ್ನಲ್, ನಾಚಿಕೊಂಡು. "ಆ ಕೊನೇ ಕುರ್ಚಿಯ ಅಕ್ಕ ಇದ್ದಾರಾ?"

ಬೀಯುನ್ ಬಹಳ ದಿನಗಳ ಮೇಲೆ ಕತ್ತರಿ ಹಿಡಿದಳು. ಕೈ ತಾನೇ ಹಳೆಯ ಲಯ ಹಿಡಿಯಿತು. ಕಿವಿಯ ಹಿಂದೆ ಮೃದುವಾಗಿ ಊದಿ ಕೂದಲು ಹಾರಿಸಿದಾಗ ಕರ್ನಲ್ ಕಣ್ಣು ಮುಚ್ಚಿಕೊಂಡರು. ಬಾಗಿಲಲ್ಲಿ ಸುಹ್ವಾ ಮೂಗೊರೆಸಿಕೊಂಡಳು. ವೆಂಗ್ ಕೂಡ ಬಿಲಿಯರ್ಡ್ಸ್ ಮರೆತು, ಆ ಕಾಲವೇ ಬೇರೆ ಅಂತ ಗೋಡೆಗೆ ಹೇಳಿದ. ಅಲಾಯ್ ಒಬ್ಬನಿಗೆ ಮಾತ್ರ ನಲವತ್ತು ವರ್ಷದ ಹಳೆಯ ಹೊಟ್ಟೆಕಿಚ್ಚು ಹೊಸದಾಗಿ ಹೊತ್ತಿಕೊಂಡಿತ್ತು. ಆದರೆ ಅದೂ ಅವನಿಗೆ ಹಿತವಾಗಿಯೇ ಇತ್ತು.

ಕರ್ನಲ್ ಎದ್ದು ಕೊರಳು ಒರೆಸಿಕೊಂಡು, ಈ ಊರನ್ನು ನಾನು ರಕ್ಷಣೆಯಿಲ್ಲದೆ ಬಿಡುವುದಿಲ್ಲ, ಇವತ್ತೇ ವ್ಯವಸ್ಥೆ ಮಾಡುತ್ತೇನೆ ಅಂದರು. ಜೀಪು ತಿರುವು ದಾಟುವವರೆಗೆ ಊರೇ ಕೈಬೀಸಿತು. ವೆಂಗ್ ಜೋಳದ ಸಾರಾಯಿಯ ಬಾಟಲಿ ತಂದ, ಸುಹ್ವಾ ಸಿಂಪಿ ಕರಿದಳು. ಅಲಾಯ್ ಹಿತ್ತಲಲ್ಲಿ ಮೂಲೆ ಸೇರಿದ್ದ ಎರಡು ಹಳೆಯ ಕುರ್ಚಿಗಳನ್ನು ಎಳೆದು ತಂದು, ಧೂಳು ಒರೆಸಿ, ಎಣ್ಣೆ ಹಾಕಿ, ಸಾಲಾಗಿ ಇಟ್ಟ.

ಸಂಜೆ ಗುಡ್ಡದ ಕಡೆ ಲಾರಿಗಳು ಏರುವ ಸದ್ದು ಕೇಳಿಸಿತು. ಬಂದ್ರು ಅಂತ ಎಲ್ಲರೂ ಅಂಗಡಿಯ ಮುಂದೆ ನಿಂತರು. ಎಷ್ಟು ಜನರೋ ಏನೋ, ಶಾವಿಗೆ ಸಾಕಾಗದಿದ್ದರೆ ಏನು ಮಾಡುವುದೆಂದು ಸುಹ್ವಾ ಚಡಪಡಿಸಿದಳು. ಹೊತ್ತು ಮುಳುಗುವಷ್ಟರಲ್ಲಿ ಲಾರಿಗಳು ಇಳಿದು ಬಂದವು. ಅವುಗಳ ತುಂಬ ಕ್ಯಾಂಪಿನ ಹುಡುಗರು, ಅವರ ಹಾಸಿಗೆ, ಪೆಟ್ಟಿಗೆ, ಪಾತ್ರೆ. ಮುಂದಿನ ಲಾರಿಯಿಂದ ಲೆಫ್ಟಿನೆಂಟ್ ಗಾವ್ ಇಳಿದು ಅಲಾಯ್‌ನ ಕೈ ಕುಲುಕಿದ.

"ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಡ್ರೋನ್ ಹಿಡಿಯೋ ಹೊಸ ಯಂತ್ರ ಬಂದು ಆರು ತಿಂಗಳಾಗಿತ್ತು. ಯಾವ ಊರಿಗೆ ಕೊಡೋದು ಅಂತ ತೀರ್ಮಾನವೇ ಆಗಿರಲಿಲ್ಲ. ನೀವು ಡ್ರೋನ್ ಹಿಡಿದದ್ದೇ ಆಯ್ತು, ನಿಮ್ಮೂರಿಗೇ ಅಂತ ಕರ್ನಲ್ ಸಾಹೇಬ್ರು ಹೇಳಿಬಿಟ್ರು."

"ಮತ್ತೆ ನೀವು?" ಅಂದ ಅಲಾಯ್.

ನಾವು ಯಾಕೆ, ಅದು ತಾನೇ ನೋಡುತ್ತದೆ, ತಾನೇ ಹಿಡಿಯುತ್ತದೆ, ನಿದ್ದೆಯಿಲ್ಲ, ಊಟವಿಲ್ಲ, ಆಟವೂ ಬೇಡ ಅಂದ ಗಾವ್. ತಿಂಗಳ ಕೊನೆಗೆ ಹೋಗಬೇಕಿದ್ದ ತಮ್ಮನ್ನು ಇವತ್ತೇ ಬಿಟ್ಟದ್ದಕ್ಕೆ ಹುಡುಗರೆಲ್ಲ ಅಲಾಯ್ ಹೆಸರು ಹೇಳಿ ಕುಣಿಯುತ್ತಿದ್ದಾರೆ ಅಂತಲೂ ಸೇರಿಸಿದ. ನಿಜವಾಗಿಯೂ ಲಾರಿಯಿಂದ ಲಾರಿಗೆ ಅಲಾಯ್ ಅಜ್ಜನಿಗೆ ಜೈಕಾರ ಹೋಗುತ್ತಿತ್ತು. ಧೂಳೆಬ್ಬಿಸಿಕೊಂಡು ಅವು ಪೇಟೆಯ ದಾರಿ ಹಿಡಿದವು.

ವೆಂಗ್ ತನ್ನ ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿದ. ಸುಹ್ವಾ ಒಲೆ ಆರಿಸಲು ಹೋದಳು. ಸಾಲಾಗಿಟ್ಟ ಕುರ್ಚಿಗಳ ಪಕ್ಕ ಗಂಡಹೆಂಡಿರಿಬ್ಬರೇ ಉಳಿದರು.

ಗುಡ್ಡದ ಮೇಲೆ ಎತ್ತರದ ಕಂಬದ ತುದಿಯಲ್ಲಿ ಲಾರಿಗಳು ತಂದ ಯಂತ್ರ ಆಗಲೇ ಕೂತಿತ್ತು. ದುಂಡಗೆ, ಬೆಳ್ಳಗೆ, ಸುಲಿದ ಮೊಟ್ಟೆಯಷ್ಟು ನುಣ್ಣಗಿನ ತಲೆ. ಅದು ಸಮುದ್ರದ ಕಡೆ ತಿರುಗಿತು, ಆಚೆ ದಡವನ್ನು ನೋಡಿತು, ಮೆಲ್ಲಗೆ ಸುತ್ತಿ ಬಂದು ಕ್ಷೌರದಂಗಡಿಯ ನೇರಕ್ಕೆ ನಿಂತಿತು.

ಬೀಯುನ್ ಆ ಬೋಳುತಲೆಯನ್ನು ನೋಡಿದಳು.

"ರೀ," ಅಂದಳು, "ಒಂದು ಕೂದಲಾದರೂ ಇರೋದನ್ನ ಕೇಳಿ ತರಿಸ್ಕೊಬಾರದಿತ್ತಾ?"