ಮಾವನ ಕಾರ್ಡಿಗೆ ಅಳಿಯನ ಮುಖ

"ಐದೇ ನಿಮಿಷ! ಕಾಫಿ ಆರುವಷ್ಟರಲ್ಲಿ ಮಾವನ ಕೈಯಲ್ಲಿ ಕಾರ್ಡು ಇರುತ್ತೆ!" ಎಂದು ಅಳಿಯ ಘೋಷಿಸಿದಾಗ ಮನೆಯಲ್ಲಿ ಯಾರೂ ಸವಾಲು ಹಾಕಿರಲಿಲ್ಲ. ಸವಾಲಿಲ್ಲದೆಯೇ ಅಖಾಡಕ್ಕಿಳಿಯುವುದು ಅವನ ಜಾಯಮಾನ. ಇಡೀ ಕಚೇರಿಯ ಸಂಬಳದ ಲೆಕ್ಕ ನೋಡುವ ಗಂಡಸಿಗೆ ಒಬ್ಬ ಹಿರಿಯರ ಆನ್‌ಲೈನ್ ಅರ್ಜಿ ಯಾವ ಲೆಕ್ಕ!

ಕಾರ್ಡಿನ ವಿಷಯ ಮಾತ್ರ ತಮಾಷೆಯದಾಗಿರಲಿಲ್ಲ. ಸೋಮವಾರ ಮಾವನ ಕಣ್ಣಿನ ಪೊರೆಯ ಆಪರೇಷನ್. ಹಿರಿಯರ ಆರೋಗ್ಯ ಕಾರ್ಡು ತೋರಿಸದಿದ್ದರೆ ಆಸ್ಪತ್ರೆಯವರು ಸರದಿಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಅಷ್ಟರಲ್ಲಿ ಉಳಿದಿರುವ ಮಬ್ಬು ನೋಟವೂ ಹೋದರೆ?

ಹೆಸರು, ವಿಳಾಸ, ವಯಸ್ಸು ಎಪ್ಪತ್ತೆಂಟು, ಎಲ್ಲ ಸರಸರನೆ ಮುಗಿಯಿತು. ಕೊನೆಗೆ ಫೋನಿನ ಪರದೆಯಲ್ಲೊಂದು ದುಂಡು ಚೌಕಟ್ಟು ಮೂಡಿತು. ಅರ್ಜಿದಾರರು ಜೀವಂತ ಮನುಷ್ಯರೆಂದು ಖಾತ್ರಿಪಡಿಸಲು ಅದರೊಳಗೆ ಮುಖವಿಟ್ಟು ಕಣ್ಣು ಮಿಟುಕಿಸಬೇಕಂತೆ.

ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಗಲ್ಲ ಎತ್ತಿ ಕೂತರು. ಕಣ್ಣು ಮಾತ್ರ ಮಿಟುಕಿಸಲಿಲ್ಲ.

"ಮಾವ, ಕಣ್ಣು ಮುಚ್ಚಿ ತೆಗೀರಿ!"

"ಕ್ಯಾಮೆರಾ ಮುಂದೆನಾ? ಫೋಟೋ ಹಾಳಾಗುತ್ತಲ್ಲ ಅಳಿಯಂದ್ರೇ!"

ತಪ್ಪು ಅವರದಲ್ಲ. ಮಾವ ಆಯಸ್ಸೆಲ್ಲ ಫೋಟೋ ಸ್ಟುಡಿಯೋ ನಡೆಸಿದವರು. ಮದುಮಕ್ಕಳಿಂದ ಹಿಡಿದು ಹಸುಗೂಸುಗಳವರೆಗೆ ಊರಿನವರನ್ನೆಲ್ಲ "ಮಿಟುಕಿಸಬೇಡಿ" ಎಂದು ಗದರಿಸಿಯೇ ಅನ್ನ ಉಂಡವರು. ಈಗ ಮಿಟುಕಿಸುತ್ತೇನೆಂದು ಒಪ್ಪಿಕೊಂಡರೂ, ಕ್ಯಾಮೆರಾ ಕಂಡೊಡನೆ ಅವರ ರೆಪ್ಪೆಗಳು ಹಳೆಯ ಶಿಸ್ತಿನಲ್ಲಿ ಸೆಟೆದು ನಿಲ್ಲುತ್ತಿದ್ದವು. ಪರದೆ ಪದೇ ಪದೇ ಸಾರಿತು: "ಜೀವಂತಿಕೆಯ ಲಕ್ಷಣ ಕಂಡುಬಂದಿಲ್ಲ!"

ಕಾಫಿ ಯಾವಾಗಲೋ ಆರಿತ್ತು. ಅಳಿಯನ ತಲೆ ಮಾತ್ರ ಬಿಸಿಯಾಗಿತ್ತು.

"ಇಷ್ಟೂ ಗೊತ್ತಾಗಲ್ವಾ ನಿಮಗೆ? ಸಣ್ಣ ಮಗುಗೂ ಬರುತ್ತೆ! ಹೀಗೆ, ನೋಡಿ, ಹೀಗೆ!" ಎಂದು ಅಬ್ಬರಿಸಿ, ಫೋನನ್ನು ತನ್ನತ್ತ ತಿರುಗಿಸಿಕೊಂಡು ಪಟಪಟನೆ ರೆಪ್ಪೆ ಬಡಿದು ತೋರಿಸಿದ.

"ಟಿಣ್" ಎಂದಿತು ಫೋನು. "ಅಭಿನಂದನೆಗಳು! ಪರಿಶೀಲನೆ ಮುಗಿದಿದೆ."

ಪರದೆಯ ಮೇಲೆ ಕಾರ್ಡು ಬಂದೇಬಿಟ್ಟಿತು. ಹೆಸರು ಮಾವನದು, ವಯಸ್ಸು ಎಪ್ಪತ್ತೆಂಟು, ಮುಖ ಅಳಿಯನದು. ಅದೂ ಬೈಯುತ್ತಿದ್ದ ಬಾಯಿ ಅರ್ಧ ತೆರೆದೇ ಇತ್ತು!

"ರೀ, ಎಪ್ಪತ್ತೆಂಟು ಅಂದ್ರೂ ಆ ಫೋನಿಗೆ ಒಂಚೂರೂ ಅನುಮಾನ ಬರಲಿಲ್ವಲ್ಲ!" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಮ್ಮಪ್ಪನ ಮೇಲೆ ಕಿರುಚಿದ್ದು ಅಡುಗೆಮನೆಗೂ ಕೇಳಿಸ್ತು," ಎಂದಳು.

ನಾಚಿಕೆಯಿಂದ ಅವನ ಮುಖ ಹುಳ್ಳಗಾಯಿತು. ಮಾವ ಏನೂ ಕೇಳಿಸದವರಂತೆ ಕನ್ನಡಕ ಒರೆಸುತ್ತಲೇ ಇದ್ದರು. ಕ್ಷಮೆ ಕೇಳೋಣವೆಂದು ಬಾಯಿ ತೆರೆದ. ಹೊರಗೆ ಬಂದದ್ದು, "ಸರ್ವರ್ ಸರಿಯಿಲ್ಲ ಮಾವ."

ಮರುದಿನ ರಜೆ ಹಾಕಿ ಮಾವನನ್ನು ಕಾರ್ಡಿನ ಕಚೇರಿಗೆ ಕರೆದೊಯ್ದ. ಕೌಂಟರಿನ ಹೆಂಗಸು ಕಾರ್ಡನ್ನೂ ಅವರಿಬ್ಬರ ಮುಖವನ್ನೂ ನೋಡಿ ಹುಬ್ಬೇರಿಸಿದರು.

"ಯಾರ್ರೀ ಇದನ್ನ ಮಾಡಿದ್ದು? ಬೇರೆಯವರ ಮುಖ ಹಾಕಿದ್ರೆ ಮೋಸ ಆಗುತ್ತೆ, ಗೊತ್ತಾ?"

ಇಡೀ ಸಾಲು ಕತ್ತು ಚಾಚಿತು. ಅಷ್ಟರಲ್ಲಿ ಮಾವ ಕೌಂಟರಿಗೆ ಬಗ್ಗಿ, ಗುಟ್ಟು ಹೇಳುವವರಂತೆ, ಆದರೆ ಇಡೀ ಕಚೇರಿಗೆ ಕೇಳಿಸುವಂತೆ ಹೇಳಿದರು:

"ಬೈಬೇಡಮ್ಮ. ನಮ್ಮ ಅಳಿಯಂದ್ರು ತುಂಬ ಒಳ್ಳೆಯವರು. ಪಾಪ, ಈ ಫೋನೆಲ್ಲ ಅವರಿಗೆ ಅಷ್ಟು ಗೊತ್ತಾಗಲ್ಲ. ಸ್ವಲ್ಪ ನಿಧಾನವಾಗಿ ಹೇಳಿಕೊಟ್ರೆ ಕಲೀತಾರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಳಿಯನಿಗೆ. ಮಾವ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೆಂಗಸು ಮೆತ್ತಗಾದರು. ಅಲ್ಲೇ ಮಾವನ ಫೋಟೋ ತೆಗೆದು ಹೊಸ ಕಾರ್ಡು ಕೊಟ್ಟರು. ಆಮೇಲೆ ಅಳಿಯನತ್ತ ತಿರುಗಿ, ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಹೇಳಿದರು: "ಹೆದರ್ಕೋಬೇಡಿ ಸರ್. ಮುಂದಿನ ತಿಂಗಳು ಹಿರಿಯರಿಗೆ ಇಲ್ಲೇ ಫೋನ್ ಕಲಿಸ್ತೀವಿ. ನಿಮ್ಮ ಹೆಸರೂ ಬರ್ಕೊಳ್ಲಾ?"

ಅವನು ಬಾಯಿ ತೆರೆಯುವ ಮೊದಲೇ ಮಾವ ಉತ್ತರಿಸಿದರು.

"ಬರ್ಕೋಮ್ಮ. ಅಷ್ಟರಲ್ಲಿ ನನ್ನ ಕಣ್ಣೂ ಸರಿಹೋಗಿರುತ್ತೆ. ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ."