ಎರವಲು ಹೋದ ಏಳನೇ ತರಗತಿ

ವಲಯದ ಹನ್ನೊಂದು ಸರ್ಕಾರಿ ಶಾಲೆಗಳಲ್ಲಿ ಹದಿನೇಳರ ಮಗ್ಗಿಯನ್ನು ತಡವರಿಸದೆ ಒಪ್ಪಿಸಬಲ್ಲವರ ಸಂಖ್ಯೆ ಒಂದು ಎಂದು ದೃಢಪಟ್ಟಿದೆ. ಶಿಕ್ಷಕರನ್ನು ಈ ಗಣತಿಗೆ ಪರಿಗಣಿಸಿಲ್ಲ. ಆ ಒಂದು, ಇಸ್ತ್ರಿಯಮ್ಮನ ಮಗಳು ಚೂಟಿ.

ಇನ್ನೂ ಹತ್ತು ಹುಷಾರು ಮಕ್ಕಳನ್ನು ತಯಾರಿಸಲು ಸಮಯ, ಸೀಮೆಸುಣ್ಣ ಎರಡೂ ಬೇಕಾಗುವುದರಿಂದ, ಇರುವ ಒಬ್ಬಳನ್ನೇ ಎಲ್ಲ ಶಾಲೆಗಳೂ ಹಂಚಿಕೊಳ್ಳತಕ್ಕದ್ದು ಎಂದು ಮೌಖಿಕ ಆದೇಶವಾಯಿತು. ತಪಾಸಣೆ ಇರುವಲ್ಲಿ ಚೂಟಿ ಮುಂದಿನ ಬೆಂಚಿನಲ್ಲಿ ಕೂರತಕ್ಕದ್ದು. ಸಾಹೇಬರು ಬೇರೆ ಮಕ್ಕಳತ್ತ ತಿರುಗಿದರೆ ಕೆಮ್ಮತಕ್ಕದ್ದು. ತಪಾಸಣೆ, ಪೂರ್ವಭಾವಿ ತಪಾಸಣೆ, ಮರುತಪಾಸಣೆ ಎಲ್ಲ ಸೇರಿ ವರ್ಷ ತುಂಬಿತು.

ಒಂದೊಂದು ಶಾಲೆಗೂ ಒಂದೊಂದು ಬಣ್ಣದ ಲಂಗ. ಹನ್ನೊಂದನ್ನೂ ಗರಿಗರಿಯಾಗಿ ಇಸ್ತ್ರಿ ಮಾಡುತ್ತಾ ಇಸ್ತ್ರಿಯಮ್ಮ ಹಿರಿಹಿರಿ ಹಿಗ್ಗಿದಳು. ಮಗಳು ಎಂಟನೇ ತರಗತಿ ಮೆಟ್ಟಿಲು ಹತ್ತಬೇಕು, ಈ ಕೆಂಡದ ಪೆಟ್ಟಿಗೆ ಅವಳ ಕೈಗೆ ಬರಬಾರದು. ಅವಳಿಗಿದ್ದ ಆಸೆ ಅದೊಂದೇ.

ಸಾಹೇಬರು ಮಾತ್ರ ಎಲ್ಲ ಕಡೆಗೂ ಒಬ್ಬರೇ. ಹನ್ನೊಂದನೆಯ ಶಾಲೆಯಲ್ಲಿ ಅವರು ಕನ್ನಡಕ ಒರೆಸಿಕೊಂಡು, "ನಿನ್ನನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ?" ಎಂದರು.

"ನಾನೂ ನಿಮ್ಮನ್ನ ನೋಡಿದ ಹಾಗಿದೆ ಸಾರ್."

ಸ್ಮರಣಶಕ್ತಿಗೆಂದು ಶಾಲೆಗೆ ಐದು ಅಂಕ ಹೆಚ್ಚು ಬಿತ್ತು. ವಲಯಕ್ಕೆ ಪ್ರಶಸ್ತಿಯೂ ಬಂತು.

ಫಲಿತಾಂಶದ ದಿನ ಚೂಟಿಯ ಸ್ವಂತ ಶಾಲೆಯ ಹೆಡ್‌ಮೇಡಂ ಇಸ್ತ್ರಿಯಮ್ಮನನ್ನು ಕರೆಸಿದರು.

"ನೋಡಮ್ಮ, ನಿನ್ನ ಮಗಳು ಫೇಲು."

"ಅಯ್ಯೋ! ಎಲ್ಲಾ ಕಡೆ ಪಾಸು ಅಂದ್ರಲ್ಲ ಮೇಡಂ?"

"ಹತ್ತು ಶಾಲೇಲಿ ಪಾಸೇ. ನಮ್ಮಲ್ಲಿ ಮಾತ್ರ ಹಾಜರಿ ಸಾಲದು. ವರ್ಷಕ್ಕೆ ಒಂಬತ್ತು ದಿನ ಬಂದ ಮಗೂನ ಹೇಗಮ್ಮ ಪಾಸು ಮಾಡ್ಲಿ?"

"ಕಳಿಸಿದ್ದು ನೀವೇ ಅಲ್ವಾ?"

"ಅದಕ್ಕೆ ದಾಖಲೆ ಇಲ್ಲ. ಇದ್ದಿದ್ರೆ ಅಕ್ರಮ ಆಗಿಬಿಡ್ತಿತ್ತು."

ಇಸ್ತ್ರಿಯಮ್ಮ ಗಳಗಳನೆ ಅತ್ತಳು. ಹೆಡ್‌ಮೇಡಂ ಸ್ವತಃ ಎದ್ದು ನೀರು ಕೊಟ್ಟರು.

"ಅಳಬೇಡ ಕಣಮ್ಮ. ಮುಂದಿನ ವರ್ಷಾನೂ ತಪಾಸಣೆ ಇದೆ, ಅದರ ಮುಂದಿನ ವರ್ಷಾನೂ ಇದೆ. ಏಳನೇ ಕ್ಲಾಸಲ್ಲಿ ಅವಳ ಜಾಗ ಯಾರೂ ಅಲ್ಲಾಡಿಸೋ ಹಾಗಿಲ್ಲ."

"ಅಂದ್ರೆ... ಕಾಯಂ ಅಂತೀರಾ?"

"ಕಾಯಂ."

ಅವರ ಬೀದಿಯಲ್ಲಿ ಇದುವರೆಗೆ ಯಾರಿಗೂ ಸರ್ಕಾರದಲ್ಲಿ ಕಾಯಂ ಆಗಿರಲಿಲ್ಲ. ಸಂಜೆಯೊಳಗೆ ಅಕ್ಕಪಕ್ಕದವರೆಲ್ಲ ಬಂದು ಅಭಿನಂದಿಸಿ ಹೋದರು. ಅವರು ಹೋದ ಮೇಲೆ ಇಸ್ತ್ರಿಯಮ್ಮ ಸೂಜಿ ದಾರ ಹಿಡಿದು, ಹನ್ನೊಂದು ಲಂಗಗಳ ಅಂಚನ್ನೂ ಎರಡೆರಡು ಬೆರಳು ಬಿಚ್ಚಿ ಉದ್ದ ಮಾಡಲು ಕುಳಿತಳು.

ಚೂಟಿ ಸ್ವಲ್ಪ ಹೊತ್ತು ನೋಡಿದಳು. "ಎರಡು ಸಾಲಲ್ಲಮ್ಮ," ಎಂದಳು, "ನಾಲ್ಕು ಬಿಡು."

ಇಡೀ ವಲಯದಲ್ಲಿ ಲೆಕ್ಕ ಬರುತ್ತಿದ್ದುದು ಅವಳೊಬ್ಬಳಿಗೇ. ಇಸ್ತ್ರಿಯಮ್ಮ ನಾಲ್ಕು ಬೆರಳು ಬಿಟ್ಟಳು.