ಏಳನೆಯ ತಲೆಮಾರು

ರಘೋತ್ತಮರಾಯರು ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಏಳೂವರೆಗೆ, ಇನ್ನೂ ಚಹಾ ಸಹ ಕುಡಿಯದೆ, ತಮ್ಮ ವಂಶವೃಕ್ಷದ ಫೋಟೋವನ್ನು ‘ತೊರಗಲ್ಲ ಮನೆತನ’ ಎಂಬ ವಾಟ್ಸಾಪ್ ಗುಂಪಿಗೆ ಕಳಿಸಿದರು.

ನಾಲ್ಕು ವರ್ಷದ ತಪಸ್ಸು ಅದು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ರಾಯರು ತೊರಗಲ್ಲು, ರಾಮದುರ್ಗ, ನೇಸರಗಿ ಎಂದು ಬಸ್ಸು ಹತ್ತಿ ಇಳಿದು, ಕಂಡಕಂಡವರ ಅಟ್ಟದ ಧೂಳನ್ನೆಲ್ಲ ಮೂಗಿಗೆ ಏರಿಸಿಕೊಂಡು ಹೆಸರು ಕೂಡಿಸಿದ್ದರು. ಸಾಕ್ಷಿ ಇಲ್ಲದ ಹೆಸರು ವೃಕ್ಷ ಏರುವಂತಿಲ್ಲ ಎಂಬುದು ಅವರ ಕಟ್ಟುನಿಟ್ಟು. ತೀರಿಹೋದ ಕಾಕನ ಹೆಂಡತಿ, ಎಂಬತ್ತೆಂಟು ವರ್ಷದ ಭಾಗೀರಥಿಬಾಯಿ ಒಮ್ಮೆ, “ಹೆಸರಿಡೂ ಮೊದಲ ಹೋದ ಕೂಸುಗೋಳನ್ನ ಎಲ್ಲೆ ಬರೀತೀಯೊ ರಘೂ?” ಎಂದು ಕೇಳಿದಾಗಲೂ, “ಹೆಸರ ಇಲ್ಲಂದ್ರ ಏನಂತ ಬರೀಲಿ ಕಾಕು?” ಎಂದು ಕನ್ನಡಕ ಒರೆಸಿಕೊಂಡಿದ್ದರು.

ಆ ವೃಕ್ಷ ಈಗ ಹತ್ತಡಿಯ ಫ್ಲೆಕ್ಸ್ ಆಗಿ ಸವದತ್ತಿಯ ಮನೆಯ ಪಡಸಾಲೆಯ ಗೋಡೆ ಏರಿತ್ತು. ತುದಿಯಲ್ಲಿ ಒಂದು ಎಲೆ ಮಾತ್ರ ಖಾಲಿ. ಹನ್ನೊಂದೂವರೆಗೆ ಮಗ ಭರತನ ಮಗಳಿಗೆ ಹೆಸರಿಡುವ ಮುಹೂರ್ತ. ತೀರಿಕೊಂಡ ಅಜ್ಜಿ ಪದ್ಮಜಾಳ ಹೆಸರನ್ನೇ ಇಡುವುದು, ಅದನ್ನು ಕೂಸಿನ ಕಿವಿಯಲ್ಲಿ ಮೊದಲು ಹೇಳುವವರೂ ಆ ಎಲೆಯಲ್ಲಿ ಬರೆಯುವವರೂ ಅಜ್ಜನೇ ಎಂದು ಸೊಸೆ ವರದಾ ತಾನಾಗಿಯೇ ಮಾತು ಕೊಟ್ಟಿದ್ದಳು. ರಾಯರು ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ಹೆಂಡತಿಯ ಹೆಸರನ್ನು ಪಿಸುಗುಟ್ಟಿ ರೂಢಿ ಮಾಡುತ್ತಿದ್ದರು. ಮೂವತ್ತೈದು ವರ್ಷ “ಏ, ಇಲ್ಲೆ ಬಾ” ಎಂದೇ ಕರೆದವರಿಗೆ ಅದು ಸುಲಭವಿರಲಿಲ್ಲ.

ಎಂಟಕ್ಕೆ ಫೋನ್ ಬಂತು.

“ರಾಯರ, ನಾ ರಾಮದುರ್ಗದಿಂದ ಪ್ರಲ್ಹಾದ ಮಾತಾಡ್ಲಿಕ್ಹತ್ತೇನಿ. ನಿಮ್ಮ ವೃಕ್ಷ ಯಾರೋ ಕಳಿಸಿದ್ರು. ಎಡಗಡೆ ಟೊಂಗಿಗೆ ಪ್ರಶ್ನೆ ಗುರ್ತು ಹಾಕೀರಲಾ, ಆ ಟೊಂಗಿ ನಾವ.”

ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ನಾಲ್ಕು ವರ್ಷ ಹುಡುಕಿದ ಟೊಂಗೆ ತಾನಾಗಿ ಫೋನ್ ಮಾಡಿತ್ತು. ಮಾತಾಡುತ್ತಲೇ ಪ್ರಲ್ಹಾದನನ್ನು ಗುಂಪಿಗೆ ಸೇರಿಸಿ, “ಎಲ್ಲಿದ್ರೀಪಾ ಇಷ್ಟ ದಿವಸ? ಮನ್ಯಾಗೆಲ್ಲಾ ಆರಾಮನ?” ಎಂದರು.

“ಎಲ್ಲೀ ಆರಾಮ್ರಿ. ನಮ್ಮ ದೊಡ್ಡಪ್ಪ ಹೋಗಿ ಇವತ್ತಿಗೆ ಆರ ದಿನ. ನೀವು ನಮ್ಮ ಭಾವಬಂದ್ರು, ದಾಯಾದಿಗೋಳು ಅಂದಮ್ಯಾಲ ನಿಮಗೂ ಹೇಳೂದು ನಮ್ಮ ಧರ್ಮ.”

ರಾಯರ ಚಹಾ ಕೈಯಲ್ಲೇ ಆರಿತು. ಏಳು ತಲೆಮಾರಿನೊಳಗಿನ ದಾಯಾದಿ ಸತ್ತರೆ ಹತ್ತು ದಿನದ ಸೂತಕ. ಸಾವಿನ ಸುದ್ದಿ ಕೇಳದಿದ್ದರೆ ಇಲ್ಲ, ಕೇಳಿದರೆ ಉಂಟು. ಕೂಸು ಹುಟ್ಟಿದ ಮೈಲಿಗೆ ನಿನ್ನೆಯಷ್ಟೇ ಕಳೆದು ಮನೆ ತೊಳೆದಿದ್ದರು. ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ಸಿದ್ಧವಾಗಿತ್ತು.

ಅಷ್ಟರಲ್ಲಿ ಪ್ರಲ್ಹಾದ ಅದೇ ಸುದ್ದಿಯನ್ನು ಗುಂಪಿನಲ್ಲೂ ಹಾಕಿದ. ಹುಬ್ಬಳ್ಳಿಯವರು ಓದುವ ಮೊದಲೇ ಗುಂಪು ಬಿಟ್ಟರು. ಪುಣೆಯ ತಮ್ಮನ ಮಗ “ನನ್ನ ಫೋನ್ ಕೆಟ್ಟದ, ಯಾವ ಮೆಸೇಜೂ ಕಾಣವಲ್ವು” ಎಂದು ಬರೆದು ತಾನೂ ಗುಂಪು ಬಿಟ್ಟ. ಒಂಬತ್ತಕ್ಕೆ ತೊರಗಲ್ಲ ಮನೆತನದಲ್ಲಿ ಉಳಿದವರು ರಾಯರು ಮತ್ತು ಪ್ರಲ್ಹಾದ.

ಹೆಸರಿಡಿಸಬೇಕಿದ್ದ ಪುರೋಹಿತ ಮುಕುಂದಾಚಾರ್ಯರು ಬಂದು, ಛತ್ರಿಯ ತುದಿಯಿಂದ ಫ್ಲೆಕ್ಸ್ ಮೇಲೆ ಎಣಿಸಿದರು. “ಎರಡೂ ಟೊಂಗಿಗೆ ಮೂಲಪುರುಷ ಬಾಳಾಚಾರ್ಯರು ಒಂದು… ರಘೋತ್ತಮ ಆರು, ಭರತ ಏಳು. ಸಿಕ್ಕಬಿಟ್ರಿ. ಇನ್ನೊಂದ ಹೆಸರ ನಡುವ ಇದ್ದಿದ್ರ ಭರತ ಎಂಟನೇದವ ಆಗ್ತಿದ್ದ. ಎಂಟಕ್ಕ ಮೂರ ದಿನ ಅಷ್ಟ, ಅದು ಕಳದ ಹೋಗೇದ. ಒಂದ ಸ್ನಾನಕ್ಕ ಮುಗೀತಿತ್ತು.”

ಫ್ಲೆಕ್ಸ್ ಅಂಗಡಿಯ ಲಗಮಣ್ಣ, ಪಕ್ಕದ ಮನೆಯವನು, ಕಿಸೆಯಿಂದ ಮಾರ್ಕರ್ ಪೆನ್ನು ತೆಗೆದ. “ಒಂದ್ ಹೆಸರಿಗೆ ಏನ್ ತ್ರಾಸ ಐತ್ರಿ ರಾಯರ? ಎಲೆಕ್ಷನ್ ಬ್ಯಾನರಿನ್ಯಾಗ ನಾ ದಿನಾ ಸೇರಸ್ತೇನಿ, ದಿನಾ ಅಳಸ್ತೇನಿ.”

“ಸಾಕ್ಷಿ ಇಲ್ಲದ ಬರ್ಯಾಂಗಿಲ್ಲ,” ಎಂದರು ರಾಯರು.

ಭರತ ಮುಖ ಗಂಟಿಕ್ಕಿದ. ಬೀಗರು ಗಡಿಯಾರ ನೋಡಿದರು. ತೊಟ್ಟಿಲ ಹತ್ತಿರ ನಿಂತಿದ್ದ ವರದಾ ಕಣ್ಣು ಒರೆಸಿಕೊಂಡಳು. ಅದೇ ಎಲ್ಲಕ್ಕಿಂತ ಕಠಿಣವಾಗಿತ್ತು.

ಆಗ ಮೂಲೆಯಿಂದ ಕಾಕು, ದಿನಾ ದೀಪ ಹಚ್ಚುವಾಗ ಹಾಡುವ ರಾಗದಲ್ಲೇ, ಹಿರಿಯರ ಹೆಸರು ಹೇಳತೊಡಗಿದರು. “ಬಾಳಾಚಾರ್ಯರು, ಅವರ ಮಗ ತಿಮ್ಮಣ್ಣ, ತಿಮ್ಮಣ್ಣನ ಮಗ…” ಎಂದು ನಿಂತರು. “ಪ್ರಾಣೇಶ. ಪ್ರಾಣೇಶನ್ನ ಬಿಟ್ಟಬಿಟ್ಟಿದ್ನೆಲೊ ರಘೂ. ಮುಪ್ಪಿನ ಮರೆವು.”

“ಖರೇನ, ಕಾಕು?”

“ನಾನ ಸಾಕ್ಷಿ.”

ಇಡೀ ವೃಕ್ಷದ ಅರ್ಧಕ್ಕೆ ಸಾಕ್ಷಿ ಕಾಕುವಿನ ಆ ಹಾಡೇ ಆಗಿತ್ತು. ರಾಯರು ಮಾರ್ಕರ್ ತೆಗೆದುಕೊಂಡು, ತಿಮ್ಮಣ್ಣನ ಕೆಳಗೆ ‘ಪ್ರಾಣೇಶ’ ಎಂದು ಬರೆದರು. ಮನೆ ಉಸಿರು ಬಿಟ್ಟಿತು. ಆಚಾರ್ಯರು ಮತ್ತೆ ಛತ್ರಿ ಎತ್ತಿದರು.

“ಭರತ ಎಂಟು. ಪಾರಾದ.” ಛತ್ರಿ ಒಂದು ಗೇಣು ಮೇಲೇರಿತು. “ರಘೋತ್ತಮ… ಏಳು. ನಿಮಗ ತಪ್ಪಲಿಲ್ರಿ ರಾಯರ. ಭಾಗೀರಥಿಬಾಯಿಗೂ. ನೀವಿಬ್ರೂ ಇನ್ನ ನಾಕ ದಿನ ಹೊರಗ ಕೂಡ್ರಬೇಕು. ಯಾರನ್ನೂ ಮುಟ್ಟಬ್ಯಾಡ್ರಿ.”

ಹೀಗೆ ಹನ್ನೊಂದೂವರೆಗೆ ರಾಯರು ಹೊರಗಿನ ಕಟ್ಟೆಯ ಮೇಲೆ, ಕಾಕುವಿನ ಪಕ್ಕ, ಅಂಚೆಪೆಟ್ಟಿಗೆಯ ಹಾಗೆ ಬಾಯಿ ತೆರೆದುಕೊಂಡು ಕೂತಿದ್ದರು. ಕಿಟಕಿಯೊಳಗಿಂದ ಜೋಗುಳ ಬಂತು. ಭರತ ಹೆಸರು ಹೇಳಿದ್ದು ಕೇಳಿಸಿತು. ಕೂಸು ಅತ್ತಿತು. ರಾಯರು ಕಿಟಕಿಯ ಕಡೆ ಬಾಗಿ, ರೂಢಿ ಮಾಡಿದ್ದನ್ನು ಗಾಳಿಗೇ ಪಿಸುಗುಟ್ಟಿದರು. ಖಾಲಿ ಎಲೆಯಲ್ಲಿ ಆ ಹೆಸರು ಬರೆದವನು ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಲಗಮಣ್ಣ.

ಫೋನ್ ಗುಣುಗುಟ್ಟಿತು. ತಿದ್ದಿದ ವೃಕ್ಷವನ್ನು ಭರತ ಆಗಲೇ ಎಲ್ಲರಿಗೂ ಕಳಿಸಿದ್ದ. ಬಿಟ್ಟವರೆಲ್ಲ ಗುಂಪಿಗೆ ಮರಳಿದ್ದರು. ಪ್ರಲ್ಹಾದ ಬರೆದಿದ್ದ: “ಪ್ರಾಣೇಶರಾಯರ ಹೆಸರ ನಮ್ಮಜ್ಜನ ಬಾಯಾಗೂ ಕೇಳಿದ್ದೆ.” ಪುಣೆಯ ತಮ್ಮನ ಮಗ ಬರೆದಿದ್ದ: “ಭಾಳ ದೊಡ್ಡ ಪಂಡಿತರಂತ.”

ರಾಯರು ಹೆಮ್ಮೆಯಿಂದ ಕಾಕುವಿಗೆ ಓದಿ ತೋರಿಸಿದರು.

ಕಾಕು ಸೆರಗಿನ ತುದಿ ಸುತ್ತುತ್ತ ಕೂತಿದ್ದರು. “ಪಂಡಿತ ಆಗ್ತಿದ್ನೇನೊ. ಹೋದಾಗ ಹನ್ನೊಂದ ದಿನದಾಂವ ಇದ್ದ. ಮರದಿನ ಹೆಸರಿಡೂದಿತ್ತು. ಪ್ರಾಣೇಶ ಅಂತ ನಾನೂ ನಿಮ್ಮ ಕಾಕಾನೂ ಮಾತಾಡಿಕೊಂಡಿದ್ವಿ. ಮತ್ತ ಯಾರಿಗೂ ಗೊತ್ತಿದ್ದಿಲ್ಲ.”

ರಾಯರಿಗೆ ಮಾತು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಕೂಡಲೇ ಲೆಕ್ಕ ತಲೆಗೇರಿತು. ಹಾಗಾದರೆ ಭರತ ಏಳನೆಯವನೇ. ಒಳಗೆ ಹೋಳಿಗೆ ಉಣ್ಣುತ್ತಿರುವ ತಮ್ಮವರೆಲ್ಲ ಸೂತಕದಲ್ಲಿ. ನಾಲ್ಕು ವರ್ಷದ ವೃಕ್ಷದ ನಟ್ಟನಡುವೆ ಒಂದು ಸುಳ್ಳು, ಅದೂ ತಮ್ಮದೇ ಕೈಬರಹದಲ್ಲಿ. ಒಳಗೆ ಹೋಗಿ ಹೇಳಲೇಬೇಕೆಂದು ಎದ್ದು ನಿಂತರು.

ಬಾಗಿಲಲ್ಲಿ ಲಗಮಣ್ಣ ಎರಡು ಬಾಳೆಲೆ ಹಿಡಿದು ಬಂದ. “ಕುಂತ್ರಿ ರಾಯರ. ಆಚಾರ್ರು ಕೇಳ್ಯಾರ, ಪ್ರಾಣೇಶ ಅಜ್ಜಗ ಇಷ್ಟ ವರ್ಷ ಯಾರೂ ಎಳ್ಳುನೀರು ಬಿಟ್ಟಿಲ್ಲಲ್ಲ, ಪಕ್ಷಮಾಸದಾಗ ನೀವು ಬಿಡ್ತೀರೇನಂತ. ಹಾಂ ಅಂದ್ರ ಈಗ ಬರಕೋತಾರಂತ.”

ಕಾಕು ತಲೆ ಎತ್ತಲಿಲ್ಲ. ಸೆರಗು ಸುತ್ತುತ್ತಿದ್ದ ಬೆರಳು ಮಾತ್ರ ನಿಂತಿತು.

ರಾಯರು ನಿಂತಲ್ಲೇ ಒಮ್ಮೆ ಕನ್ನಡಕ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೂತರು.

“ಬರಕೋರಿ ಅನ್ನು,” ಎಂದರು. “ವರ್ಷಾ ವರ್ಷಾ ಬಿಡ್ತೇನಿ.”

ಲಗಮಣ್ಣ ಎಲೆಗಳನ್ನು ದೂರದಿಂದಲೇ ಇಟ್ಟು ಸರಿದ. ರಾಯರು ನೋಡಿದರು: ಬರೀ ಅನ್ನ, ಬರೀ ಸಾರು.

“ಹೋಳಗಿ?”

“ಸೂತಕದವ್ರಿಗೆ ಸಿಹಿ ನಡ್ಯಾಂಗಿಲ್ಲಂತಲ್ರಿ. ಒಳಗ ಪ್ರಾಣೇಶ ಅಜ್ಜನ ಹೆಸರ ಹೇಳಿ ನಿಮ್ಮ ಪಾಲಿಂದೂ ಉಣ್ಣಾಕ ಹತ್ತ್ಯಾರ.”